ನೆನಪಿಲ್ಲದ ನೋವು

ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿರುವ ಎಷ್ಟೋ ಮಕ್ಕಳಿಗೆ ಈಗ ಎದೆ ತೆರೆಯಬೇಕಿಲ್ಲ. ತೊಡೆಸಂದಿಯ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ಏರಿಸಿ, ತಂತಿಯಲ್ಲಿ ಹೆಣೆದ ಸಾಧನವೊಂದನ್ನು ಕೂರಿಸಿ ರಂಧ್ರ ಮುಚ್ಚುತ್ತಾರೆ. ದೊಡ್ಡವರಿಗೆ ಚುಚ್ಚುವ ಜಾಗವನ್ನಷ್ಟೇ ಮರಗಟ್ಟಿಸಿದರೂ ಎಷ್ಟೋ ಸಲ ಸಾಕು. ಮಗು ಮಿಸುಕದೆ ಮಲಗದು, ಅದಕ್ಕೆ ಅರಿವಳಿಕೆ ಬೇಕು. ಜವನಗೊಂಡನಹಳ್ಳಿಯಂಥ ಊರಿನ ಅಂಗನವಾಡಿಯಲ್ಲಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಇಂಥ ದೋಷವನ್ನು ಶಂಕಿಸಿದರೆ, ಮಗು ಕೊನೆಗೆ ಬೆಂಗಳೂರಿನ ಜಯದೇವದಂಥ ಆಸ್ಪತ್ರೆ ಸೇರಬೇಕಾಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಹೆತ್ತವರು. ಅರಿವು ಕಳೆದುಕೊಳ್ಳುವುದು ಮಗು.

ಈ ಸ್ಥಿತಿ ಯಾವುದು? ಎಚ್ಚರ, ಕನಸು, ಗಾಢನಿದ್ರೆ ಎಂಬ ಮೂರರಲ್ಲಿ ಮೂರ್ಛೆ ಸೇರದೆಂದು ಬ್ರಹ್ಮಸೂತ್ರದ ಮೂರನೆಯ ಅಧ್ಯಾಯ ಗುರುತಿಸಿ, ಅದನ್ನು ಅರ್ಧ ಲಯವೆನ್ನುತ್ತದೆ. ಶಂಕರರ ಭಾಷ್ಯದ ವಿವರಣೆ ಬಹಳ ಸೂಕ್ಷ್ಮ: ಮಲಗಿದವನ ಮುಖ ಪ್ರಸನ್ನ, ಉಸಿರು ಸಮ, ಕೈ ತಾಗಿಸಿದರೆ ಏಳುತ್ತಾನೆ, ಮೂರ್ಛಿತನು ಕೊಡತಿಯಿಂದ ಹೊಡೆದರೂ ಏಳನು. ಅರಿವಳಿಕೆಯಲ್ಲಿರುವ ಮಗುವಿನ ಮುಖ ನಿದ್ರೆಯದು, ಏಳದಿರುವ ಗುಣ ಮೂರ್ಛೆಯದು. ಕೆಟಮಿನ್ ಎಂಬ ಅರಿವಳಿಕೆ ಮದ್ದು ಕೊಟ್ಟರಂತೂ ಕಣ್ಣು ತೆರೆದೇ ಇರಬಹುದು.

ಗಾಢನಿದ್ರೆಯಲ್ಲೂ ಸಾಕ್ಷಿಯೊಂದು ಉಳಿಯುತ್ತದೆ ಎಂಬುದಕ್ಕೆ ಅದ್ವೈತಿಗಳು ಎದ್ದವನ ಮಾತನ್ನೇ ಆಧಾರ ಮಾಡುತ್ತಾರೆ: ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ. ಮಾತು ಬಾರದ ಕೂಸಿನಿಂದ ಈ ಸಾಕ್ಷ್ಯ ಸಿಗದು. ಇದು ಬರೀ ತರ್ಕದ ತೊಡಕಲ್ಲ. 1980ರ ದಶಕದವರೆಗೂ ಎಷ್ಟೋ ನವಜಾತ ಶಿಶುಗಳಿಗೆ ಸ್ನಾಯು ಸಡಿಲಿಸುವ ಮದ್ದು ಕೊಟ್ಟು, ನೋವಿಗೆ ಏನೂ ಕೊಡದೆ ಅಥವಾ ತೀರ ಕಡಿಮೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ನರಗಳು ಬಲಿತಿಲ್ಲ, ಹೇಗೂ ನೆನಪಿರದು ಎಂಬುದೇ ಸಮರ್ಥನೆ. ಇಂದೋರ್‌ನಲ್ಲಿ ವೈದ್ಯಶಿಕ್ಷಣ ಪಡೆದ ಕೆ. ಜೆ. ಎಸ್. ಆನಂದ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಇದನ್ನು ಅಲ್ಲಗಳೆದರು. ಹೃದಯದ ಬಳಿ ಮುಚ್ಚದೆ ಉಳಿದ ನಾಳವನ್ನು ಕಟ್ಟಿಸಿಕೊಂಡ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಫೆಂಟನಿಲ್ ಎಂಬ ನೋವಿನ ಮದ್ದು ಪಡೆದವಕ್ಕೆ ಒತ್ತಡದ ಹಾರ್ಮೋನುಗಳ ಏರಿಕೆಯೂ ತೊಡಕುಗಳೂ ಕಡಿಮೆಯಿದ್ದವು.

ನೋವಿಗೆ ನೆನಪು ಪ್ರಮಾಣವಲ್ಲ ಎಂಬುದು ಇಲ್ಲಿ ಸ್ಪಷ್ಟ. ಜೈನರ ಆಚಾರಾಂಗಸೂತ್ರ ಈ ನಿಲುವಿಗೆ ಹತ್ತಿರ: ಹೇಳಿಕೊಳ್ಳಲಾರದ ಜೀವಕ್ಕೂ ವೇದನೆ ಉಂಟೆಂದು ಅದು ಬೋಧಿಸುತ್ತದೆ. ಕಾಯಿಲೆಯನ್ನು ಪೂರ್ವಕರ್ಮದ ಫಲವೆಂದು ನಂಬುವ ಮನೆಯವರಿಗೂ ಇದು ಅನ್ವಯಿಸುತ್ತದೆ. ಕರ್ಮ ಮಗುವಿನದೆಂದು ಒಪ್ಪಿದರೂ, ತಪ್ಪಿಸಬಹುದಾದ ನೋವನ್ನು ತಪ್ಪಿಸದಿರುವುದು ಎದುರಿಗೆ ನಿಂತವರ ಹೊಸ ಕರ್ಮವೇ ಆಗುತ್ತದೆ.