ಅರವತ್ತು ಗಜದ ನರಿ

ಕೆಲವು ವರ್ಷಗಳ ಹಿಂದೆ ಆನ್‌ಸೈಟ್ ಕೆಲಸಕ್ಕೆಂದು ಅಮೆರಿಕದ ಈಶಾನ್ಯ ಭಾಗದಲ್ಲಿ ಒಂದು ಚಳಿಗಾಲ ಕಳೆದೆ. ಅಲ್ಲಿನ ಸಹೋದ್ಯೋಗಿಯೊಬ್ಬರಿಗೆ ನರಿ ಬೇಟೆಯ ಹವ್ಯಾಸ. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದ ನಾನು ಅವರ ಗ್ಯಾರೇಜಿನಲ್ಲಿ ಕೂತು, ಯಾವ ಕಾಡತೂಸಿಗೆ ಯಾವ ಚೋಕ್ ಎಂದು ಎಕ್ಸೆಲ್ ಶೀಟ್ ಮಾಡಿಕೊಟ್ಟೆ. ಗಣಿತ ಚೆನ್ನಾಗಿತ್ತು, ಅದಕ್ಕೇ ಮಾಡಿದೆ. ಅದರಲ್ಲಿ ನರಿ ಇದೆ ಎನ್ನುವುದು ಆಗ ಅಷ್ಟಾಗಿ ತಲೆಗೆ ಹೋಗಲಿಲ್ಲ.

ಶಾಟ್‌ಗನ್ನಿಂದ ಹೊರಡುವುದು ಒಂದು ಗುಂಡಲ್ಲ, ಚರೆಗಳ ಒಂದು ಮೋಡ. ನಳಿಗೆಯ ತುದಿಯನ್ನು ತುಸು ಕಿರಿದು ಮಾಡಿ ಆ ಮೋಡ ಬೇಗ ಚದುರದಂತೆ ತಡೆಯುವುದೇ ಚೋಕ್. 12 ಬೋರಿನ ನಳಿಗೆ ಸುಮಾರು ಹದಿನೆಂಟೂವರೆ ಮಿ.ಮೀ. ಅಗಲ, ಅತಿ ಬಿಗಿಯಾದ ಫುಲ್ ಚೋಕ್ ಅದರಲ್ಲಿ ಒಂದು ಮಿ.ಮೀ.ನಷ್ಟು ಕಡಿಮೆ ಮಾಡುತ್ತದೆ, ಅಷ್ಟೆ. 40 ಗಜ ದೂರದಲ್ಲಿ ದೊಡ್ಡ ಕಾಗದ ತೂಗುಹಾಕಿ, ಒಂದು ಈಡು ಹೊಡೆದು, 30 ಇಂಚು ವ್ಯಾಸದ ವೃತ್ತದೊಳಗಿನ ತೂತುಗಳನ್ನು ಎಣಿಸುವುದು ರೂಢಿಯ ಪರೀಕ್ಷೆ. ಚೋಕ್ ಇಲ್ಲದ ನಳಿಗೆಯಿಂದ ಸುಮಾರು ಶೇ. 40 ಚರೆ ಒಳಗೆ ಬೀಳುತ್ತವೆ, ಮಾಡಿಫೈಡ್ ಚೋಕಿನಿಂದ ಶೇ. 60, ಫುಲ್‌ನಿಂದ ಶೇ. 70.

ಈಗ ಚರೆಯ ಗಾತ್ರ. ಇಲ್ಲಿ ಎರಡು ಬೇರೆ ವಸ್ತುಗಳಿಗೆ '4' ಎಂದೇ ಹೆಸರಿದೆ. ನಾಮಕರಣ ಮಾಡಿದವರು ನಮ್ಮ ಕೋಡ್ ರಿವ್ಯೂಗೆ ಬಂದಿದ್ದರೆ ಒಪ್ಪುತ್ತಿರಲಿಲ್ಲ. ನಂ. 4 ಬಕ್‌ಶಾಟ್ ಕಾಡತೂಸಿನಲ್ಲಿ ಸಾಮಾನ್ಯವಾಗಿ 27 ಚರೆ, ಒಂದೊಂದು ಸುಮಾರು 1.3 ಗ್ರಾಂ. ಒಂದೂಕಾಲು ಔನ್ಸ್ ಸೀಸದ ಬಿಬಿಯಲ್ಲಿ 62ರಷ್ಟು, ಒಂದೊಂದು ಅರ್ಧ ಗ್ರಾಮಿಗೆ ಸ್ವಲ್ಪ ಮೇಲೆ. ಅಷ್ಟೇ ತೂಕದ ಸಾದಾ ನಂ. 4ರಲ್ಲಿ 170ರ ಹತ್ತಿರ, ಒಂದೊಂದು 0.2 ಗ್ರಾಂ. ನರಿ ಕಾಣುವಷ್ಟು ದೊಡ್ಡದಲ್ಲ, ಅರ್ಧ ನರಿ ಬರೀ ತುಪ್ಪಳ. ಹೃದಯ, ಶ್ವಾಸಕೋಶ ಇರುವ ಜಾಗ ನನ್ನ ಅಂಗೈಯಷ್ಟು. ಶೇ. 70ರ ಲೆಕ್ಕ ಹಿಡಿದರೆ 40 ಗಜದಲ್ಲಿ ಆ ಅಂಗೈ ಮೇಲೆ ಬಕ್‌ಶಾಟಿನ ಸರಾಸರಿ ಅರ್ಧ ಚರೆಯೂ ಬೀಳುವುದಿಲ್ಲ. ಬಿಬಿ ಒಂದು ಬೀಳುತ್ತದೆ. ನಂ. 4 ಎರಡೂವರೆ ಬೀಳುತ್ತವೆ, ಆದರೆ ಅಷ್ಟು ದೂರ ಹೋದ ಮೇಲೆ ಅವಕ್ಕೆ ಒಳಗಿಳಿಯುವ ಕಸುವು ಕಡಿಮೆ. ಇದರ ಮೇಲೆ ಚರ್ಮದ ಬೆಲೆ ಬೇರೆ: ದೊಡ್ಡ ಚರೆ ಚರ್ಮ ಹರಿಯುತ್ತದೆ, ಕೊಳ್ಳುವವನು ಬೆಲೆ ಇಳಿಸುತ್ತಾನೆ. ನರಿಯ ನೋವೂ ಚರ್ಮದ ದರವೂ ಒಂದೇ ಶೀಟಿನ ಅಕ್ಕಪಕ್ಕದ ಕಾಲಂಗಳಾದವು.

'ಸರಾಸರಿ ಒಂದು' ಎಂದರೆ ಕೆಲವೊಮ್ಮೆ ಎರಡು, ಕೆಲವೊಮ್ಮೆ ಸೊನ್ನೆ. ಸೊನ್ನೆ ಬಿದ್ದಾಗ ಉಳಿದ ಚರೆಗಳು ಗಾಳಿಗೆ ಹೋಗುವುದಿಲ್ಲ; ಹೊಟ್ಟೆಗೆ, ಕಾಲಿಗೆ, ದವಡೆಗೆ ಹೋಗುತ್ತವೆ. 2004ರ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿಹಿಂಡಿನಿಂದ ನರಿ ಬೇಟೆಯಾಡುವುದನ್ನು ನಿಷೇಧಿಸಿದರೂ ಗುಂಡು ಹೊಡೆಯುವುದನ್ನು ನಿಷೇಧಿಸಲಿಲ್ಲ. ಆಗ ನಾಯಿಗಳ ಪರ ವಾದಿಸಿದವರು ಹೇಳುತ್ತಿದ್ದುದು ಇದನ್ನೇ: ನಾಯಿಗಳಿಗೆ ಸಿಕ್ಕ ನರಿ ಸಾಯುತ್ತದೆ, ಸಿಗದ್ದು ಮೈಮುರಿಯದೆ ಉಳಿಯುತ್ತದೆ, ಕೋವಿಯಲ್ಲಿ ಮಾತ್ರ ಮೂರನೆಯ ಫಲಿತಾಂಶವೊಂದಿದೆ. ನಾಯಿಬೇಟೆಯನ್ನು ನಾನು ಒಪ್ಪುವುದಿಲ್ಲ, ಆದರೆ ಈ ಮಾತನ್ನು ತಳ್ಳಿಹಾಕಲಾರೆ.

ಕೊಲ್ಲುವುದೇ ತಪ್ಪಲ್ಲವೇ ಎಂದು ನೀವು ಕೇಳಬಹುದು. ನಮ್ಮಲ್ಲಿ 1972ರ ಕಾಯ್ದೆ ಆ ಮಾತನ್ನು ಬಹುತೇಕ ಮುಗಿಸಿದೆ. ಆದರೆ ಕೊಲ್ಲುವುದು ಬೇರೆ, ಹೇಗೆ ಕೊಂದೆ ಎನ್ನುವುದು ಬೇರೆ ಎಂದು ಮಹಾಭಾರತದ ಕಿಂದಮನಿಗೂ ಗೊತ್ತಿತ್ತು. ಜಿಂಕೆಯ ರೂಪದಲ್ಲಿದ್ದ ಆ ಋಷಿ ಪಾಂಡುವಿನ ಬಾಣಕ್ಕೆ ಬಿದ್ದಾಗ, ಕ್ಷತ್ರಿಯ ಬೇಟೆಯಾಡಿದ ಎಂದು ದೂರಲಿಲ್ಲ. ಕೂಡಿದ್ದ ಗಳಿಗೆಯಲ್ಲಿ ಕಾಯದೆ ಹೊಡೆದೆಯಲ್ಲ ಎಂದು ಶಪಿಸಿದ. ಕಾಯಬಹುದಿತ್ತು ಎನ್ನುವುದೇ ಆರೋಪ.

ನನ್ನ ಸಹೋದ್ಯೋಗಿ ಮೊದಲು ಕಾಯುತ್ತಿದ್ದರು. ಗಾಯಗೊಂಡ ಮೊಲದಂತೆ ಕೂಗುವ ಪೀಪಿ ಊದಿ, ನರಿ ತಾನಾಗಿ ಹತ್ತಿರ ಬರುವವರೆಗೆ ಮರಕ್ಕೊರಗಿ ಕೂರುತ್ತಿದ್ದರು. ಮೂವತ್ತು ಗಜ, ಮಾಡಿಫೈಡ್ ಚೋಕ್, ಸೀಸದ ಬಿಬಿ. ಆ ವರ್ಷ ಟಂಗ್‌ಸ್ಟನ್ ಚರೆ ತಂದರು. ಸೀಸದ ಸಾಂದ್ರತೆ 11.3 ಇದ್ದರೆ ಇದರದು 18ರ ಸುಮಾರು. ಸಣ್ಣ ಚರೆಗೂ ಕಸುವು ಇರುತ್ತದೆ, ಆದ್ದರಿಂದ ಹೆಚ್ಚು ಚರೆ ತುಂಬಬಹುದು. ನಾನು ಲೆಕ್ಕ ಹಾಕಿದೆ. ಬಿಗಿ ಚೋಕ್ ಹಾಕಿದರೆ 60 ಗಜದಲ್ಲೂ ಅಂಗೈಗೆ ಎರಡು. ಸೆಲ್‌ಗೆ ಹಸಿರು ಬಣ್ಣ ಕೊಟ್ಟೆ. ಅದೇ ಸಲಕರಣೆ ಮೂವತ್ತು ಗಜಕ್ಕೆ ಬಳಸಿದ್ದರೆ ಎಂಥ ಖಚಿತತೆ ಸಿಗುತ್ತಿತ್ತೆಂದು ಲೆಕ್ಕ ಹಾಕಲು ಇಬ್ಬರಿಗೂ ಹೊಳೆಯಲಿಲ್ಲ. ಪ್ರಾಜೆಕ್ಟಿನಲ್ಲಿ ಎರಡು ವಾರ ಬಿಡುವು ಸಿಕ್ಕರೆ ಟೆಸ್ಟಿಂಗಿಗೆ ಕೊಡುತ್ತೇವೆಯೇ? ಇನ್ನೊಂದು ಫೀಚರ್ ಒಪ್ಪಿಕೊಳ್ಳುತ್ತೇವೆ. ದಶರಥನಿಗೆ ಶಬ್ದವೇಧಿ ಬಾರದೇ ಇದ್ದಿದ್ದರೆ ಆ ರಾತ್ರಿ ಕತ್ತಲಿಗೆ ಬಾಣ ಬಿಡುತ್ತಿರಲಿಲ್ಲ.

ಒಂದು ಸಂಜೆ ನಾನೂ ಜೊತೆಗೆ ಹೋಗಿದ್ದೆ. ಹಿಮದ ಬಯಲಿನಾಚೆ ನರಿ ಬಂದು ನಿಂತಿತು. ಅವರು ರೇಂಜ್‌ಫೈಂಡರ್ ನೋಡಿ 58 ಎಂದು ಪಿಸುಗುಟ್ಟಿ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ಈಡಿಗೆ ನರಿ ಬಿತ್ತು, ಎದ್ದಿತು, ಹಿಂಗಾಲು ಎಳೆದುಕೊಂಡು ಪೊದೆಯೊಳಗೆ ಹೋಯಿತು. ಎರಡು ಗಂಟೆ ಟಾರ್ಚ್ ಹಿಡಿದು ಹುಡುಕಿದೆವು. ಹಿಮದ ಮೇಲೆ ರಕ್ತ ಚೆನ್ನಾಗಿ ಕಾಣುತ್ತದೆ, ಮೊದಲು ನಾಲ್ಕು ಹೆಜ್ಜೆಗೊಂದು ಹನಿ, ಆಮೇಲೆ ಹತ್ತಕ್ಕೊಂದು. ಬೇಲಿಯ ಬಳಿ ಪರರ ಜಮೀನು, ಒಳಗೆ ಬರಬಾರದೆಂಬ ಫಲಕ. ಅವರು ಮನೆಯವರಿಗೆ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ.

ಕಾರಿನಲ್ಲಿ ಅವರು ಲೆಕ್ಕದಲ್ಲಿ ಎಲ್ಲಾದರೂ ತಪ್ಪಿತ್ತೇ ಎಂದು ಕೇಳಿದರು. ರೂಮಿಗೆ ಬಂದು ನೋಡಿದೆ, ತಪ್ಪಿರಲಿಲ್ಲ. ಮುಂದಿನ ವಾರ ಅವರು ತಾವು ಕೂರುವ ಮರದಿಂದ ಮೂವತ್ತು ಹೆಜ್ಜೆ ಅಳೆದು ಒಂದು ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿದರಂತೆ. ಚೋಕ್ ಅದೇ, ಕಾಡತೂಸೂ ಅದೇ. ಆ ಚಳಿಗಾಲ ಪೂರ್ತಿ ಬಟ್ಟೆಯ ಈಚೆಗೆ ಬಂದದ್ದು ಎರಡೇ ನರಿ.