ಕಿಟಕಿಯ ಆಚೆ

ನಮ್ಮ ಮನೆಗೆ ಇನ್ವರ್ಟರ್ ಬಂದ ದಿನ ಬ್ಯಾಟರಿಯನ್ನು ಎಲ್ಲಿಡುವುದೆಂಬ ಚರ್ಚೆ ನಡೆಯಿತು. ನಡುಮನೆಯಲ್ಲಿ ಬೇಡ, ಬಂದವರ ಕಣ್ಣಿಗೆ ಬೀಳುತ್ತದೆ. ಮಲಗುವ ಕೋಣೆಯಲ್ಲಿ ಬೇಡವೇ ಬೇಡ, ವಾಸನೆ. ಕೊನೆಗೆ ಪಕ್ಕದ ಓಣಿಯಲ್ಲಿ ಇಡಿಸಿದೆವು. ಅದರ ಎದುರಿಗೇ ನೆರೆಮನೆಯ ಕಿಟಕಿ. ಆ ಮನೆಯ ಸೊಸೆ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದು, "ಟೀಚರ್, ಇದರಿಂದ ತೊಂದರೆಯೇನೂ ಇಲ್ಲ ತಾನೆ?" ಎಂದು ಕೇಳಿದಳು. "ಏನೂ ಆಗೋಲ್ಲಮ್ಮ" ಎಂದೆ. ತಿಳಿದು ಹೇಳಿದ್ದಲ್ಲ, ಮಾತು ಮುಗಿಯಲೆಂದು ಹೇಳಿದ್ದು.

ಆ ಮಾತು ನನ್ನನ್ನು ಚುಚ್ಚಿದ್ದು 2025ರ ಜನವರಿಯಲ್ಲಿ, ಒಂದು ಸುದ್ದಿ ಓದಿದಾಗ. ಅಮೆರಿಕದ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಮಾಸ್ ಲ್ಯಾಂಡಿಂಗ್ ಎಂಬ ಸಣ್ಣ ಊರಿದೆ. ವಿದ್ಯುತ್ತನ್ನು ಸಂಜೆಯ ಹೊತ್ತಿಗೆ ಕೂಡಿಡಲೆಂದು ಅಲ್ಲಿ ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದೊಳಗೆ 300 ಮೆಗಾವಾಟ್ ಸಾಮರ್ಥ್ಯದ ಲಿಥಿಯಂ ಬ್ಯಾಟರಿಗಳನ್ನು ಜೋಡಿಸಿದ್ದರು. ಜನವರಿ 16ರಂದು ಅದಕ್ಕೆ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಯ ಸ್ವಭಾವವೇ ಹಾಗೆ, ಒಂದು ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ. ಅಗ್ನಿಶಾಮಕದವರು ಅದನ್ನು ಉರಿದು ಮುಗಿಯಲು ಬಿಟ್ಟರು. ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಗಾಳಿಯಲ್ಲಿ ಅಪಾಯದ ಮಟ್ಟದ ವಿಷವಿಲ್ಲವೆಂದು ಅಧಿಕಾರಿಗಳು ಅಳೆದು ಹೇಳಿದರು. ಆದರೆ ಹತ್ತಿರದ ಜೌಗು ನೆಲದ ಮಣ್ಣಿನಲ್ಲಿ ನಿಕ್ಕಲ್, ಕೋಬಾಲ್ಟ್‌ಗಳು ಹೆಚ್ಚಿರುವುದನ್ನು ವಿಶ್ವವಿದ್ಯಾಲಯದ ಸಂಶೋಧಕರು ಕಂಡರು. ತಲೆನೋವು, ಗಂಟಲುರಿ ಎಂದ ಜನರಿಗೆ ಯಾರ ಮಾತು ನಂಬಬೇಕೋ ತಿಳಿಯದಾಯಿತು.

"ಇಂಥದ್ದು ಎಲ್ಲಿಯೂ ಬೇಡ" ಎಂದೆ ನಾನು. ನಮ್ಮ ಯಜಮಾನರು ಪತ್ರಿಕೆ ಮಡಚಿಡುತ್ತಾ, "ಹಾಗಾದರೆ ರಾಯಚೂರಿನವರು ಕಲ್ಲಿದ್ದಲ ಬೂದಿ ಕುಡಿಯುತ್ತಲೇ ಇರಲಿ ಅನ್ನು" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಪಾವಗಡದಲ್ಲಿ 2050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಆದರೆ ನಮಗೆ ದೀಪ ಬೇಕಾಗುವುದು ಸೂರ್ಯ ಮುಳುಗಿದ ಮೇಲೆ. ಹಗಲಿನದನ್ನು ರಾತ್ರಿಗೆ ಎತ್ತಿಡಲೇಬೇಕು, ಎಲ್ಲೋ ಒಂದು ಕಡೆ. ಬೇಡವೆನ್ನುವುದೂ ಇನ್ನೊಬ್ಬರ ತಲೆಯ ಮೇಲೆ ಹೊರೆ ಹೊರಿಸಿದಂತೆಯೇ.

ಅದೇ ಮಾಸ್ ಲ್ಯಾಂಡಿಂಗ್‌ನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಂಗ್ರಹಾಗಾರಕ್ಕೂ ಬೆಂಕಿ ತಗುಲಿತ್ತು. ಅಲ್ಲಿ ಬ್ಯಾಟರಿಗಳನ್ನು ಬಯಲಿನಲ್ಲಿ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಒಂದು ಪೆಟ್ಟಿಗೆ ಮಾತ್ರ ಉರಿಯಿತು, ಉಳಿದವು ಉಳಿದವು. ಎಂದ ಮೇಲೆ ಬೇಕೋ ಬೇಡವೋ ಎಂಬುದಷ್ಟೇ ಪ್ರಶ್ನೆಯಲ್ಲ. ಹೇಗಿಡುತ್ತೀರಿ, ಎಷ್ಟು ದೂರದಲ್ಲಿಡುತ್ತೀರಿ, ಹೊತ್ತಿಕೊಂಡರೆ ಏನು ಮಾಡುತ್ತೀರಿ? ಇವನ್ನು ಕೇಳುವ ಹಕ್ಕು ಹತ್ತಿರ ಮಲಗುವವರದು. ಕೇಳಿದವರನ್ನು ತಿಳಿಯದವರು, ಅಭಿವೃದ್ಧಿಗೆ ಅಡ್ಡ ಬರುವವರು ಎಂದು ಬಾಯಿ ಮುಚ್ಚಿಸುವುದು ಸುಲಭ. ನಾನು ಮಾಡಿದ್ದೂ ಅದನ್ನೇ, ಸ್ವಲ್ಪ ನಯವಾಗಿ.

ಮರುದಿನ ನೆರೆಮನೆಗೆ ಹೋದೆ. ನಮ್ಮದು ಸೀಸ, ಆಮ್ಲಗಳ ಬ್ಯಾಟರಿ, ಆ ಲಿಥಿಯಂ ಜಾತಿಯದಲ್ಲ. ಆದರೂ ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಜಲಜನಕ ಬಿಡುತ್ತದೆ, ಗಾಳಿಯಾಡುವ ಕಡೆ ಇರಬೇಕು ಎಂದು ತಿಳಿದಷ್ಟನ್ನೂ ಹೇಳಿದೆ. ಕೂಸು ಮಲಗುವುದು ಆ ಕಿಟಕಿಯ ಕೆಳಗೇ ಎಂಬುದು ನನಗೆ ಆಗಲೇ ಗೊತ್ತಾದದ್ದು.

ಆ ಭಾನುವಾರವೇ ಬ್ಯಾಟರಿ ನಮ್ಮ ಹಿಂದಿನ ಜಗಲಿಗೆ ಬಂತು. "ಈಗ ನಿಮ್ಮ ಕಿಟಕಿಗೇ ಹತ್ತಿರವಾಯಿತಲ್ಲ ಟೀಚರ್" ಎಂದಳು ಹುಡುಗಿ.

"ದೀಪವೂ ನಮ್ಮ ಮನೆಯದೇ ಅಲ್ಲವೇನಮ್ಮ" ಎಂದೆ.