ಅಡ್ಡಹೆಸರು ಮತ್ತು ಆಡುಮಾತು

ವಿಜಯಪುರ ಜಿಲ್ಲೆಯ ಮನಗೂಳಿ ಕಡೆ ಬಸ್ಸಿನಲ್ಲಿ ಇಬ್ಬರು ಅಪರಿಚಿತರು ಪಕ್ಕಪಕ್ಕ ಕೂತರೆ, ಊರು ಕೇಳಿದ ಮೇಲೆ ಕೇಳುವುದು ‘ಅಡ್ಡಹೆಸರೇನ್ರಿ ನಿಮ್ದು?’ ಎಂದು. ಉತ್ತರ ಬಂದೊಡನೆ ಕುಲ, ಕಸುಬು, ಮೂಲ ಎಲ್ಲವನ್ನೂ ಊಹಿಸಿಬಿಡುತ್ತಾರೆ. ಊಹೆ ತಪ್ಪಿದರೂ ಬಾಧೆಯಿಲ್ಲ. ಮಾತು ನಾಲ್ಕು ಮುಂದುವರಿದರೆ ಅದು ಸರಿಹೋಗುತ್ತದೆ. ಮೊಬೈಲಿನಲ್ಲಿ ಹಾಗಲ್ಲ. ಅಲ್ಲಿ ಹೆಸರು ಮೊದಲು ಕಾಣುತ್ತದೆ, ಮನುಷ್ಯನ ದನಿ ಎಷ್ಟೋ ಸಲ ಕೇಳುವುದೇ ಇಲ್ಲ. ಊಹೆಯೇ ತೀರ್ಪಾಗುತ್ತದೆ.

ಹೆಸರಿನಿಂದ ಏನೂ ತಿಳಿಯದು ಎಂದು ನಾನು ವಾದಿಸುವುದಿಲ್ಲ. ಹಿರೇಮಠ, ಕುಂಬಾರ, ಅತ್ತಾರ ಎಂದರೆ ಮನೆತನದ ಹಿಂದಿನ ಕಥೆ ಒಂದಿಷ್ಟು ಗೊತ್ತಾಗುತ್ತದೆ. ಆದರೆ ಅದು ಮುತ್ತಜ್ಜನ ಕಥೆ, ಅದೂ ಅರೆಬರೆ. ಊರಿನ ಹೆಸರೇ ಅಡ್ಡಹೆಸರಾದರೂ ಅದು ಈಗಿನ ಊರನ್ನು ಹೇಳದು: ಸಂಶೋಧಕ ಎಂ.ಎಂ. ಕಲಬುರ್ಗಿಯವರ ಊರು ಸಿಂದಗಿ ತಾಲ್ಲೂಕಿನ ಯರಗಲ್ಲ. ರಾಜಕಾರಣಿ ಎಂ.ಸಿ. ಮನಗೂಳಿಯವರನ್ನು ವಿಧಾನಸಭೆಗೆ ಕಳಿಸಿದ್ದು ಮನಗೂಳಿಯಲ್ಲ, ಸಿಂದಗಿಯೇ. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮರಾಠರಲ್ಲಿ, ಮುಸಲ್ಮಾನರಲ್ಲೂ ಇದ್ದಾರೆ. ಪಾಟೀಲಕಿ ಊರಿನ ಅಧಿಕಾರ. ಮನೆಯೊಳಗೆ ಆಡುವ ಮಾತಿಗೂ ಅದಕ್ಕೂ ಸಂಬಂಧವಿಲ್ಲ.

ಹೆಸರು ನೋಡಿ ಭಾಷೆ ಹೇಳುವವರು ಹಲಸಂಗಿಯನ್ನು ನೆನೆಯಬೇಕು. ಆಗಿನ ಇಂಡಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಗೆಳೆಯರಾಗಿ ಕೂಡಿದರು. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಹೊರಬಂತು. ಇವರ ಹೆಸರುಗಳನ್ನಷ್ಟೇ ಭಾಷೆ ಊಹಿಸುವ ಇಂದಿನ ಯಾವುದೋ ಯಂತ್ರಕ್ಕೆ ಕೊಟ್ಟರೆ ಕಾಪಸೆಯವರನ್ನು ಮರಾಠಿಗೆ, ಧೂಲಾಸಾಹೇಬರನ್ನು ಉರ್ದುವಿಗೆ ಹಂಚೀತು. ಕನ್ನಡದ ಹಳ್ಳಿಹಾಡಿಗೆ ಇಷ್ಟು ದುಡಿದವರನ್ನು ಕನ್ನಡದ ಪಟ್ಟಿಯಿಂದಲೇ ಹೊರಗಿಟ್ಟೀತು.

ಇದು ಯಂತ್ರದ ತಪ್ಪಷ್ಟೇ ಅಲ್ಲ. ಮುದ್ದೇಬಿಹಾಳದಲ್ಲಿ ಹುಟ್ಟಿ ಬೆಳೆದ ಮುಲ್ಲಾ ಅಡ್ಡಹೆಸರಿನ ಹುಡುಗಿ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ, ‘ಎಷ್ಟ್ ಛಲೋ ಕನ್ನಡ ಕಲ್ತೀರಿ’ ಎನ್ನುವವರಿದ್ದಾರೆ. ಹೊಗಳಿಕೆಯೇ, ನಿಜ. ಆದರೆ ಅವಳದೇ ಮನೆಗೆ ಅವಳನ್ನು ಅತಿಥಿಯಾಗಿ ಕರೆದಂತೆ ಅದು. ಪಕ್ಕದ ಮನೆಯ ಬಿರಾದಾರರ ಮಗಳಿಗೆ ಆ ಮಾತನ್ನು ಯಾರೂ ಹೇಳುವುದಿಲ್ಲ.

ಅವಳ ಮನೆಯಲ್ಲಿ ದಖನಿ ಉರ್ದು ಆಡುತ್ತಾರಲ್ಲ, ಊಹೆ ಸರಿಯೇ ಆಯಿತಲ್ಲ ಎಂದು ಕೇಳಬಹುದು. ಆಡಬಹುದು. ತಾಯಿಯೊಡನೆ ದಖನಿ, ಓಣಿಯಲ್ಲಿ ಕನ್ನಡ, ಅಳುವಾಗೊಂದು, ಜಗಳಾಡುವಾಗೊಂದು. ಎರಡರಲ್ಲಿ ಯಾವುದು ತನ್ನದು ಎಂದು ಹೇಳುವ ಹಕ್ಕು ಅವಳದು. ಎರಡೂ ನನ್ನವೇ ಎಂದರೆ ಅದನ್ನೂ ಒಪ್ಪಬೇಕು. ಸರಿಯಾದ ಊಹೆ ಕೂಡ ಆ ಹಕ್ಕನ್ನು ಅವಳಿಂದ ಕಿತ್ತುಕೊಳ್ಳುತ್ತದೆ ಎಂಬುದೇ ನನ್ನ ತಕರಾರು.

ನಮ್ಮ ಜನಗಣತಿ ಈ ವಿಷಯದಲ್ಲಿ ಜಾಣತನ ತೋರಿದೆ. ಗಣತಿದಾರನ ಕೈಯಲ್ಲಿ ಮನೆಮಂದಿಯ ಹೆಸರೆಲ್ಲ ಇರುತ್ತದೆ. ಆದರೂ ಒಬ್ಬೊಬ್ಬರ ಮಾತೃಭಾಷೆಯನ್ನೂ ಅವನು ಕೇಳಿಯೇ ಬರೆಯಬೇಕು. ಒಂದೇ ಮನೆಯವರಿಗೆ ಬೇರೆ ಬೇರೆ ಮಾತೃಭಾಷೆ ಇರಬಹುದು ಎಂಬುದನ್ನೂ ಒಪ್ಪಬೇಕು. ಅದರ ಜೊತೆಗೆ ಬಲ್ಲ ಇನ್ನೆರಡು ಭಾಷೆಗಳಿಗೂ ಜಾಗವಿದೆ. ನಮ್ಮ ಹೆಸರು ನೋಡಿ ಹಿಂದಿಯಲ್ಲೋ ಮರಾಠಿಯಲ್ಲೋ ಮಾತು ಶುರುಮಾಡುವ ಬ್ಯಾಂಕು, ಕಂಪನಿ, ಆ್ಯಪುಗಳೂ ಮೊದಲು ಇಷ್ಟು ಕೇಳಲಿ.